ಹೆಸರು ಕೊರೆದ ಪ್ಯಾಸ್ಟಿ

ನಮ್ಮೂರು ವಾಲರೂವಿನ ಬಂದರಿನಿಂದ ಗೋಧಿ ತುಂಬಿದ ಹಡಗು ಹೊರಟ ಭಾನುವಾರವೇ ನಮ್ಮ ಸಭೆಯಲ್ಲಿ ಸುಗ್ಗಿಯ ಸ್ತುತಿಯಾರಾಧನೆ ನಡೆಯಿತು. ನಾನು ದೀಕ್ಷೆ ಪಡೆದ ಪಾದ್ರಿಯಲ್ಲ. ಆದರೂ ಅಂದಿನ ಪ್ರಸಂಗ ನನ್ನದೇ ಆಗಿತ್ತು. "ಈ ಊರಿನಲ್ಲಿ ಒಂದು ಹೊಟ್ಟೆಯೂ ಹಸಿಯದಂತೆ ಕಾಪಾಡಿದ ಕರ್ತನಿಗೆ ಸ್ತೋತ್ರ" ಎಂದು ಗಟ್ಟಿಯಾಗಿ ಹೇಳಿ ಪೀಠದಿಂದ ಇಳಿದೆ. ಆ ಮಾತನ್ನು ಕರ್ತನು ಕ್ಷಮಿಸಿದ್ದಾನೆಂದು ನಂಬಿದ್ದೇನೆ. ತಿದ್ದಿದವಳು ಮಾತ್ರ ವೆರ್ನಾ ಪೆನ್‌ಹೇಲ್.

ಅಂಚೆ ಕಚೇರಿಯಿಂದ ನಿವೃತ್ತಳಾದ ವೆರ್ನಾಳಿಗೆ ಆಗ ಎಪ್ಪತ್ತೆರಡು. ಸಭೆಯ ಅಡುಗೆಮನೆಯಲ್ಲಿ ಅವಳು ಹೇಳಿದ್ದೇ ಕಾನೂನು. ಅವಳ ಪೂರ್ವಿಕರು ಸಮುದ್ರದಾಚೆಯ ಕಾರ್ನ್‌ವಾಲಿನಿಂದ ಇಲ್ಲಿನ ತಾಮ್ರದ ಗಣಿಗೆ ಬಂದವರು. ಗಣಿ ಮುಚ್ಚಿತು, ಪ್ಯಾಸ್ಟಿ ಉಳಿಯಿತು. ಮಾಂಸ, ಆಲೂಗಡ್ಡೆ, ಟರ್ನಿಪ್ ಗೆಡ್ಡೆ ತುಂಬಿ, ದೊಡ್ಡ ಕರ್ಜಿಕಾಯಿಯಂತೆ ಅಂಚು ಮಡಚಿ ಬೇಯಿಸಿದ ಅದು ಒಂದಿದ್ದರೆ ಒಬ್ಬರ ಊಟವಾಯಿತು. ತಿನ್ನುವವನ ಹೆಸರಿನ ಮೊದಲಕ್ಷರವನ್ನು ಅದರ ಮೂಲೆಯಲ್ಲಿ ಕೊರೆಯುವುದು ಗಣಿಯ ಕಾಲದ ಪದ್ಧತಿ. ಒಬ್ಬರ ಅಕ್ಷರವನ್ನು ಇನ್ನೊಬ್ಬರು ಮುಟ್ಟುವುದಿಲ್ಲ.

ಊಟಕ್ಕಿಲ್ಲದವರಿಗಾಗಿ ಸಭೆಯಲ್ಲಿ ದವಸದ ಕಪಾಟೊಂದನ್ನು ಅವಳು ಪ್ರತಿ ಗುರುವಾರ ತೆರೆದಿಡುತ್ತಿದ್ದಳು. ಕಪಾಟು ಸದಾ ತುಂಬಿಯೇ ಇರುತ್ತಿತ್ತು. "ನಮಗಿಂತ ಕಷ್ಟದಲ್ಲಿರೋರಿಗೆ ಇರ್ಲಿ" ಎಂದು ಎಲ್ಲರೂ ದಾಟಿ ಹೋಗುವರು. ಅದನ್ನೇ ನಾವು ಸಮೃದ್ಧಿಯೆಂದು ತಿಳಿದಿದ್ದೆವು.

ಆರಾಧನೆಯ ನಂತರ ಸಹಭೋಜನ. ಮನೆಗೊಂದು ತಿಂಡಿಯನ್ನು ತಟ್ಟೆಯಲ್ಲಿಟ್ಟು ಬಟ್ಟೆ ಮುಚ್ಚಿ ತರುವುದು ವಾಡಿಕೆ. ನೀರಿಗೆಂದು ಅಡುಗೆಮನೆಗೆ ಹೋದೆ. ವೆರ್ನಾ ನೀಲಿ ಹೂವಿನ ತಟ್ಟೆಯೊಂದರ ಬಟ್ಟೆ ಎತ್ತಿ ಹಿಡಿದು ನಿಂತಿದ್ದಳು. ಚೊಕ್ಕಟವಾಗಿ ತೊಳೆದ ತಟ್ಟೆ. ಅದರಲ್ಲಿ ಏನೂ ಇರಲಿಲ್ಲ.

"ಮೆರ್ಲ್‌ದು," ಎಂದಳು.

ಮೆರ್ಲ್ ನ್ಯಾನ್‌ಕಿವೆಲ್ ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದವಳು.

"ಬಾಡಿಗೆ ಏರಿದ್ದು ಗೊತ್ತಿತ್ತು. ಒಲೆ ಹಚ್ಚೋದೇ ಬಿಟ್ಟಿದಾಳೆ ಅಂತ ಗೊತ್ತಿರ್ಲಿಲ್ಲ."

ನಾನು ಬಾಯಿ ತೆರೆದೆ.

"ನೀವು ಸುಮ್ನಿರಿ ಬೋಧಕರೇ. ಇವತ್ತಿಗೆ ಮಾತಾಡಿದ್ದು ಸಾಕು."

ತನ್ನ ಮನೆಯವರಿಗೆಂದು ತಂದಿದ್ದ ನಾಲ್ಕು ಪ್ಯಾಸ್ಟಿಗಳನ್ನು ಆ ತಟ್ಟೆಗಿಟ್ಟು, ಬಟ್ಟೆ ಮುಚ್ಚಿ, ತಾನೇ ಹೊರಗೆ ಒಯ್ದಳು. ತನ್ನ ತಟ್ಟೆಯನ್ನು ಕಂಡ ಮೆರ್ಲ್ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದಳು. ಆದರೆ ಅವಸರದಲ್ಲಿ ವೆರ್ನಾ ಒಂದು ವಿಷಯ ಮರೆತಿದ್ದಳು. ಹಳೆಯ ಹಡಗುಕಟ್ಟೆಯ ಕೆಲಸಗಾರ ಲಾಯ್ಡ್ ಟ್ರೆಂಬತ್ ಆ ತಟ್ಟೆಯಿಂದ ಒಂದು ಪ್ಯಾಸ್ಟಿಯನ್ನು ಕೈಗೆತ್ತಿಕೊಂಡು ಕೂಗಿದ:

"ಏನೇ ಮೆರ್ಲ್, ಇದ್ರ ಮೇಲೆ 'ಎಲ್' ಅಂತಿದೆ! ಇದು ವೆರ್ನಾಳ ಗಂಡ ಲೆನ್‌ದು. ನಿನ್ ತಟ್ಟೆಗೆ ಹೆಂಗೆ ಬಂತು?"

ಮೇಜಿನ ಸುತ್ತ ಇದ್ದವರೆಲ್ಲ ಅತ್ತ ತಿರುಗಿದರು. ಮೆರ್ಲ್ ಬಿಳಿಚಿಕೊಂಡಳು.

"ಲಾಯ್ಡ್, ನಿನ್ ಹೆಸ್ರು ಯಾವ ಅಕ್ಷರದಿಂದ ಶುರುವಾಗುತ್ತೆ? ಅದೂ ಮರ್ತೋಯ್ತಾ?" ಎಂದಳು ವೆರ್ನಾ. "ಮೂಲೆ ಅಕ್ಷರ ಮಾಡ್ದೋರ್ದಲ್ಲ ಮಾರಾಯ, ತಿನ್ನೋರ್ದು. ತಿನ್ನು!"

ಎಲ್ಲರೂ ನಕ್ಕರು. ಲಾಯ್ಡ್ ತಿಂದ. ವೆರ್ನಾ ಒಂದು ಸುಳ್ಳನ್ನೂ ಆಡಿರಲಿಲ್ಲ. ಲೆನ್ ಬರಿಯ ಬ್ರೆಡ್ಡು ತಿಂದ. ಆದರೆ ಮೆರ್ಲ್ ಒಂದು ತುತ್ತನ್ನೂ ಮುಟ್ಟದೆ ಎದ್ದು ಹೋದಳು. ನಾಚಿಕೆಯಿಂದ ಅವಳು ಇನ್ನು ಸಭೆಯನ್ನೇ ಬಿಟ್ಟರೆ, ಮುಚ್ಚಿದ ಬಾಗಿಲ ಹಿಂದೆ ಹಸಿದೇ ಇರುವಳೆಂಬ ಭಯ ನನ್ನನ್ನು ಹಿಡಿಯಿತು. ವೆರ್ನಾಳಿಗೆ ಭಯವಿರಲಿಲ್ಲ. "ಅಕ್ಷರ ಕೆಡಿಸಿದ್ದನ್ನ ಅಕ್ಷರವೇ ಸರಿಮಾಡುತ್ತೆ, ನೋಡ್ತಿರಿ," ಎಂದಳು.

ಗುರುವಾರ ಬೆಳಿಗ್ಗೆ ನನ್ನ ಕಾರಿನಲ್ಲಿ ಇಬ್ಬರೂ ಮೆರ್ಲ್‌ಳ ಮನೆಗೆ ಹೋದೆವು. ವೆರ್ನಾಳ ಮಡಿಲಲ್ಲಿ ಬಟ್ಟೆ ಸುತ್ತಿದ ಒಂದೇ ಒಂದು ಪ್ಯಾಸ್ಟಿ. ಮೆರ್ಲ್ ಬಾಗಿಲನ್ನು ಅರ್ಧ ಮಾತ್ರ ತೆರೆದಳು.

"ಬೇಡ ವೆರ್ನಾ. ನನಗಿಂತ ಕಷ್ಟದಲ್ಲಿರೋರಿಗೆ ಕೊಡು."

"ಹೆಂಗೆ ಕೊಡ್ಲಿ? 'ಎಂ' ಅಂತ ಕೊರೆದಿದೀನಿ. ಒಬ್ರದ್ದನ್ನ ಇನ್ನೊಬ್ರು ಮುಟ್ಟೋ ಊರಾ ಇದು? ನೀನು ತಿನ್ನದಿದ್ರೆ ಹಾಳಾಗುತ್ತೆ, ಅಷ್ಟೆ."

ಮೆರ್ಲ್ ಬಹಳ ಹೊತ್ತು ಆ ಅಕ್ಷರವನ್ನೇ ನೋಡಿದಳು. ಅನ್ನವನ್ನು ಹಾಳುಮಾಡುವುದು ಅವಳ ಕೈಗೆ ಗೊತ್ತಿಲ್ಲದ ಕೆಲಸ. ಹೊಸ್ತಿಲ ಮೇಲೆ ನಿಂತೇ ಕಚ್ಚಿದಳು. ಕರ್ತನ ಬಲಿಪೀಠದ ಮುಂದೆ ನಿಂತವನಂತೆ ನಾನು ಟೋಪಿ ತೆಗೆದೆ. ಮೂರನೆಯ ತುತ್ತಿಗೆ ಅವಳು ತಲೆ ಎತ್ತಿದಳು.

"ಟರ್ನಿಪ್ ದಪ್ಪ ಹೆಚ್ಚಿದೀಯ. ಬೆಂದೇ ಇಲ್ಲ."

"ಹಾಗಾದ್ರೆ ನೀನೇ ಬಂದು ಹೆಚ್ಚು. ಅಷ್ಟೊಂದು ಬಾಯಿ ಇದ್ಯಲ್ಲ!"

ಮುಂದಿನ ಗುರುವಾರ ಅವಳು ತನ್ನದೇ ಚಾಕು ಹಿಡಿದು ಬಂದಳು.

ಈಗ ಪ್ರತಿ ಗುರುವಾರ ನಮ್ಮ ಅಡುಗೆಮನೆಯಿಂದ ನಲವತ್ತು ಪ್ಯಾಸ್ಟಿಗಳು ನೇರವಾಗಿ ಮನೆಬಾಗಿಲುಗಳಿಗೆ ಹೋಗುತ್ತವೆ. ಯಾವ ಮನೆಯ ಮಗುವಿನ ಊಟದ ಡಬ್ಬಿ ಖಾಲಿ ಬರುತ್ತಿತ್ತೆಂಬುದನ್ನು ಶಾಲೆಯ ದಿನಗಳಿಂದಲೂ ಬಲ್ಲ ಮೆರ್ಲ್ ಹೆಸರುಗಳನ್ನು ಹೇಳುತ್ತಾಳೆ, ವೆರ್ನಾ ಕೊರೆಯುತ್ತಾಳೆ, ಲಾಯ್ಡ್ ಮತ್ತು ನಾನು ಹಂಚುತ್ತೇವೆ. ತಮ್ಮ ಹೆಸರು ಹೊತ್ತು ಬಂದದ್ದನ್ನು ಈವರೆಗೆ ಒಬ್ಬರೂ ಹಿಂದಿರುಗಿಸಿಲ್ಲ. ಪ್ರತಿಯೊಬ್ಬನನ್ನು ಹೆಸರು ಹಿಡಿದು ಕರೆಯುವ ದೇವರು ಈ ಕೆಲಸವನ್ನು ನಿಲ್ಲಗೊಡನು.

ನಿನ್ನೆ ನಾನು ಬುಟ್ಟಿ ಎತ್ತಿಕೊಳ್ಳುವಾಗ ಮೆರ್ಲ್ ತಡೆದಳು.

"ತಡೀರಿ. ವೆರ್ನಾ, ಆ ಮೂಲೆಮನೇಲಿ 'ಜೆ' ಇಬ್ರಿದಾರೆ, ಅಣ್ಣ-ತಂಗಿ. ಒಂದೇ ಕಳಿಸಿದ್ರೆ ಜಗಳ ಆಗುತ್ತೆ. ಇನ್ನೊಂದು ಕೊರಿ."