ಶುಚಿಂಗ್ ಮತ್ತು ಏಳನೇ ಸಾಲಿನ ಕಿಟಕಿ

ಕಾವ್‌ಶ್ಯುಂಗ್ ನಗರದಿಂದ ನಮ್ಮ ದ್ವೀಪದ ಮಾಕುಂಗ್ ಊರಿಗೆ ನಲವತ್ತು ನಿಮಿಷದ ಹಾರಾಟ. ಒಣಗಿಸಿದ ಬೊಂಡಾಸ್ ಮೀನು ಮಾರುವ ನಾನು ಈ ದಾರಿಯಲ್ಲಿ ವಾರಕ್ಕೆರಡು ಸಲ ಓಡಾಡುತ್ತೇನೆ. ಶುಚಿಂಗ್ ಇಪ್ಪತ್ತೆರಡು ವರ್ಷದಿಂದ ಅದೇ ವಿಮಾನದ ಗಗನಸಖಿ. ಅವಳ ತಾಯಿ ಮಾಕುಂಗ್ ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದಳು. ಶುಚಿಂಗ್‌ಗೆ ಸಮವಸ್ತ್ರ ಕೊಟ್ಟಿದ್ದು ಕಂಪನಿ, ಗಂಟಲು ಕೊಟ್ಟಿದ್ದು ತಾಯಿ. ಒಮ್ಮೆ ಯಾರದೋ ಚೀಲ ಬಿಚ್ಚಿಕೊಂಡು ಏಳು ಜೀವಂತ ಏಡಿಗಳು ಸೀಟುಗಳಡಿ ಹರಡಿದಾಗ ಅವಳೇ ಎಲ್ಲವನ್ನೂ ಹಿಡಿದು ಆರನ್ನು ವಾಪಸು ಕೊಟ್ಟಳು. ಏಳನೆಯದು ದಂಡವಂತೆ.

ಅವಳು ಬೈಯುತ್ತಿದ್ದರೆ ವಿಮಾನ ಸುಖವಾಗಿದೆ ಎಂದರ್ಥ. ಆ ಚಳಿಗಾಲದ ಮಧ್ಯಾಹ್ನ ಇಳಿಯಬೇಕಿದ್ದ ವಿಮಾನ ಮತ್ತೆ ಮೇಲೇರಿತು. ಶುಚಿಂಗ್ ಗೋಡೆಯ ಫೋನಿನಲ್ಲಿ ಪೈಲಟ್ಟನ ಮಾತು ಕೇಳಿ ಬಂದು, "ಎಲ್ಲಾರೂ ಹಾಗೇ ಕೂತಿರಿ, ನನ್ನಪ್ಪಂದಿರಾ" ಎಂದಳು. ಅಪ್ಪಂದಿರಾ! ನಾನು ಬೆಲ್ಟು ಬಿಗಿಮಾಡಿಕೊಂಡೆ.

ನೇರ ನನ್ನ ಪಕ್ಕದ ಏಳನೇ ಸಾಲಿಗೆ ಬಂದು ದೇವಸ್ಥಾನದ ಅಧ್ಯಕ್ಷ ಹುಂಗ್ ಅಜ್ಜನ ಕಿವಿಯಲ್ಲಿ ಪಿಸುಗುಟ್ಟಿದಳು. "ಎಡಗಡೆ ಚಕ್ರ ಇಳಿದಿದೆ ಅಂತ ತೋರಿಸೋ ದೀಪ ಹತ್ತಿಲ್ಲ. ಚಕ್ರ ಇಳಿದಿಲ್ವೋ, ದೀಪಾನೇ ಕೆಟ್ಟಿದೆಯೋ ಗೊತ್ತಿಲ್ಲ. ಈ ಕಿಟಕಿಯಿಂದ ಕಾಣುತ್ತೆ. ಅವ್ವನ್ನ ಸ್ವಲ್ಪ ಪಕ್ಕಕ್ಕೆ ಸರಿಸ್ತೀರಾ?"

ಕಿಟಕಿಯ ಸೀಟಿನಲ್ಲಿ ಮಾಜು ಅವ್ವ ಕೂತಿದ್ದಳು. ಸಮುದ್ರ ಕಾಯುವ ನಮ್ಮ ದೇವಿಯ ಮೂರ್ತಿ. ದೊಡ್ಡ ಗುಡಿಗೆ, ಅಂದರೆ ತವರಿಗೆ, ಹಡಗಿನಲ್ಲಿ ಹೋಗಿ ವಿಮಾನದಲ್ಲಿ ವಾಪಸಾಗುತ್ತಿದ್ದಳು. ತನ್ನ ಹೆಸರಿನದೇ ಟಿಕೆಟ್, ಸೊಂಟಕ್ಕೆ ಬೆಲ್ಟು, ಕಿಟಕಿಯಗಲದ ಮಣಿ ಕಿರೀಟ. ಮುಂದಿನ ಕಿಟಕಿಯಿಂದ ಬರೀ ಎಂಜಿನ್ನಿನ ಪಂಖ ಕಾಣುತ್ತಿತ್ತು, ಹಿಂದಿನದರಿಂದ ಬರೀ ತಗಡು.

"ಕೇಳದೆ ಮುಟ್ಟೋ ಹಾಗಿಲ್ಲಮ್ಮ" ಎಂದ ಅಜ್ಜ, ಜೇಬಿನಿಂದ ಅರ್ಧಚಂದ್ರದಂಥ ಎರಡು ಮರದ ತುಂಡು ತೆಗೆದ. ಒಂದು ಅಂಗಾತ, ಒಂದು ಮಗುಚಿ ಬಿದ್ದರೆ ದೇವಿಯ ಒಪ್ಪಿಗೆ. ಎರಡೂ ಅಂಗಾತ ಬಿದ್ದರೆ ಅವಳು ನಗುತ್ತಿದ್ದಾಳೆಂದು ಲೆಕ್ಕ. "ಅವ್ವಾ, ನಿನ್ನ ಪಕ್ಕಕ್ಕೆ ಸರಿಸ್ಲಾ?"

ಎರಡೂ ಅಂಗಾತ.

"ನಗ್ತಿದಾಳೆ!" ಎಂದಿತು ಹಿಂದಿನ ಸಾಲು.

"ನಗೋದೇನಿದೆ ಇದ್ರಲ್ಲಿ?" ಎಂದೆ ನಾನು.

ಎರಡನೆಯ ಸಲ ವಿಮಾನ ಕುಲುಕಿ ಒಂದು ತುಂಡು ಉರುಳಿಹೋಯಿತು. ನನ್ನ ಬೊಂಡಾಸ್ ಚೀಲದ ಸಂದಿಯಲ್ಲಿ ನೆಟ್ಟಗೆ ನಿಂತಿತ್ತು. ಇದು ಅಂಗಾತವೋ ಮಗುಚೋ ಎಂದು ನಾಲ್ಕು ಸಾಲುಗಳ ನಡುವೆ ವಾದ ಹುಟ್ಟಿತು. ಕೆಳಗೆ ಸಮುದ್ರ, ಮೇಲೆ ಪಂಚಾಯಿತಿ. ಫೋನು ಮತ್ತೆ ಕಿಣಿಗುಟ್ಟಿತು.

ಶುಚಿಂಗ್ ತುಂಡನ್ನು ಎತ್ತಿ ಅಜ್ಜನ ಅಂಗೈಗೆ ಒತ್ತಿದಳು. "ನೀವು ಕೇಳಿದ್ದೇ ತಪ್ಪು ಅಜ್ಜ. ಮೊದಲ ಸಲ ವಿಮಾನ ಹತ್ತಿದೋಳು, ಕಿಟಕಿ ಸೀಟು ಬಿಟ್ಟುಕೊಡು ಅಂದ್ರೆ ಯಾರು ತಾನೇ ಬಿಡ್ತಾರೆ? 'ನೀನು ಕೂತಲ್ಲೇ ಕೂತಿರು ತಾಯಿ, ಕಿರೀಟ ಮಾತ್ರ ತೆಗೀತೀವಿ, ನಿನ್ನ ಜೊತೆ ಇನ್ನೊಬ್ಬಳು ನೋಡ್ತಾಳೆ' ಅನ್ನಿ."

ಅಜ್ಜ ಹಾಗೇ ಕೇಳಿದ. ಒಂದು ಅಂಗಾತ, ಒಂದು ಮಗುಚಿ. ಮೂವತ್ತು ವರ್ಷ ವ್ಯಾಪಾರ ಮಾಡಿದ ನನಗೂ ಗಿರಾಕಿಯನ್ನು ಇಷ್ಟು ಬೇಗ ಒಪ್ಪಿಸಲು ಬಂದಿಲ್ಲ.

ಶುಚಿಂಗ್ ಅಜ್ಜನ ತೊಡೆ ದಾಟಿ, ದೇವಿಯ ಕೆನ್ನೆಗೆ ಕೆನ್ನೆ ತಾಗಿಸಿ ಹೊರಗೆ ನೋಡಿದಳು. ಚಕ್ರ ಇಳಿದಿದ್ದರಷ್ಟೇ ಸಾಲದು, ಅದನ್ನು ಹಿಡಿದಿಡುವ ಕಬ್ಬಿಣದ ತೋಳು ಮಡಚದೆ ನೆಟ್ಟಗಿರಬೇಕು. ಇಲ್ಲವಾದರೆ ನೆಲ ತಾಗಿದೊಡನೆ ಕುಸಿಯುತ್ತದೆ. ಮಂಜಿನಂಥ ಮೋಡ ಸರಿಯುವವರೆಗೆ ಅವಳು ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಓಡಿಹೋಗಿ ಫೋನಿಗೆ ಹೇಳಿದಳು: "ಚಕ್ರ ಕೆಳಗಿದೆ ಸಾರ್. ತೋಳು ನೆಟ್ಟಗಿದೆ. ಹೌದು, ನಾನೇ ನೋಡಿದೆ. ಎರಡು ಸಲ ನೋಡಿದೆ."

ಆದರೂ ಎಲ್ಲರೂ ತಲೆ ಬಗ್ಗಿಸಿಕೊಳ್ಳಬೇಕೆಂದಳು.

"ಅವ್ವನೂ ಬಗ್ಗಬೇಕಾ?" ಎಂದ ಅಜ್ಜ.

"ಅವಳು ಬಗ್ಗಿದ್ರೆ ನಾವು ಯಾರಿಗೆ ಬಗ್ಗೋದು? ಬಗ್ಗಿ ನೀವು!"

ಚಕ್ರಗಳು ನೆಲ ಮುಟ್ಟಿದವು, ಕುಣಿದವು, ಓಡಿದವು. ಎಡಗಡೆಯದು ಕುಸಿಯಲಿಲ್ಲ. ಅಕ್ಕಪಕ್ಕದಲ್ಲಿ ಕೆಂಪು ದೀಪ ಮಿನುಗಿಸುತ್ತ ನಾಲ್ಕು ಅಗ್ನಿಶಾಮಕ ವಾಹನಗಳು ಬೆನ್ನಟ್ಟಿ ಬಂದವು. ಅಜ್ಜನಿಗೆ ಪರಮಾನಂದ. "ನೋಡಿದ್ರಾ, ಅವ್ವನಿಗೆ ಎಂಥಾ ಮೆರವಣಿಗೆ ಇಟ್ಟಿದಾರೆ!"

ವಿಮಾನ ನಿಂತ ಮೇಲೆ ಹತ್ತಿ ಬಂದ ಮೆಕ್ಯಾನಿಕ್ ಬಾಯಿ ಬಿಟ್ಟ: "ಚಕ್ರಕ್ಕೇನೂ ಆಗಿಲ್ಲ. ದೀಪ ಸುಟ್ಟಿದೆ, ಅಷ್ಟೇ."

ಅಜ್ಜನ ಮುಖ ಇಳಿಯಿತು. "ಹಾಗಾದ್ರೆ ಅವ್ವ ಏನೂ ಮಾಡ್ಲಿಲ್ವಾ?"

"ಯಾಕೆ ಮಾಡ್ಲಿಲ್ಲ?" ಎಂದಳು ಶುಚಿಂಗ್, ಕಿರೀಟವನ್ನು ದೇವಿಯ ತಲೆಗೆ ನೇರವಾಗಿ ಕೂರಿಸುತ್ತ. "ನಾಲ್ಕು ಡಿಗ್ರಿ ಓದಿದ ಪೈಲಟ್ಟು ಒಳಗೆ ಬೆವರ್ತಿದ್ದ. ನನ್ನ ಪಕ್ಕ ಹೆದರದೆ ಕೂತಿದ್ದೋಳು ಇವಳೊಬ್ಬಳೇ."

ಅಜ್ಜ ಸಮಾಧಾನದಿಂದ ದೇವಿಯನ್ನೆತ್ತಿಕೊಂಡು ಇಳಿದ. ಹೊರಗೆ ಅವ್ವನ ಸ್ವಾಗತದ ಡೋಲು ಶುರುವಾಯಿತು. ಕೊನೆಯವನಾಗಿ ನಾನು ಎದ್ದಾಗ ಶುಚಿಂಗ್ ಆ ಖಾಲಿ ಸೀಟಿನಲ್ಲಿ ಕುಸಿದು ಕೂತಿದ್ದಳು. ಅವ್ವನ ಬೆಲ್ಟನ್ನೇ ಸೊಂಟಕ್ಕೆ ಬಿಗಿದುಕೊಂಡು ಎರಡೂ ಕೈಯಿಂದ ಅದುಮಿ ಹಿಡಿದಿದ್ದಳು.

"ಏನ್ ನೋಡ್ತೀರಿ?" ಎಂದಳು. "ಬಾಗಿಲು ಆ ಕಡೆ ಇದೆ."