ಹನ್ನೊಂದು ಚೀಟಿ

ನನ್ನ ಅತ್ತಿಗೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳೋಣವೆಂದು ಕೂತರೂ ಮೊದಲು ಬರುವುದು ಸಿಟ್ಟೇ. ಇರಲಿ, ಸಿಟ್ಟಿನಿಂದಲೇ ಶುರು ಮಾಡುತ್ತೇನೆ.

ಅಣ್ಣನನ್ನು ಮದುವೆಯಾಗಿ ಅವಳು ನಮ್ಮ ಮನೆಗೆ ಬಂದಾಗ ನನಗೆ ಹನ್ನೆರಡು ವರ್ಷ. ಅಮ್ಮ ತೀರಿಕೊಂಡು ವರ್ಷವಾಗಿತ್ತು. ಬಂದ ಮೂರನೇ ದಿನವೇ ಅಡುಗೆಮನೆಯ ಸ್ಟೂಲನ್ನು ಎತ್ತಿ ಹಿತ್ತಲಿಗೆ ಎಸೆದಳು. ಅದರ ಒಂದು ಕಾಲು ಅಲ್ಲಾಡುತ್ತಿತ್ತು, ನಿಜ. ಆದರೆ ನಾವು ವರ್ಷಗಟ್ಟಲೆ ಅದನ್ನು ಹತ್ತಿ ಇಳಿದವರು. ಯಾಕೆ ಎಸೆದೆ ಎಂದು ಕೇಳಿದರೆ, "ನೀನು ಬಿದ್ದು ಸೊಂಟ ಮುರ್ಕೊಂಡ್ಮೇಲೆ ಎಸೀಬೇಕಿತ್ತಾ?" ಅಂದಳು. ಅವತ್ತಿನಿಂದ ಆ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಒಂದು ಪಾತ್ರೆ ಇಳಿಸಿದ್ದಿಲ್ಲ. ಬಟ್ಟೆ ಹಿಡಿ, ದೂರ ನಿಲ್ಲು, ಕೈ ಒರೆಸು, ಕಾಲ ಕೆಳಗೆ ನೋಡು. ಅವಳು ಕೆಲಸಕ್ಕೆ ಹೋಗುತ್ತಿದ್ದ ಕಾರ್ಖಾನೆಯಲ್ಲಿ ಅವಳಿಗೆ ಸೈರನ್ ಎಂದು ಹೆಸರಿಟ್ಟಿದ್ದರು. ಹಾಗೆ ಕರೆದವರಿಗೂ ಅವಳ ಬೈಗುಳ ತಪ್ಪುತ್ತಿರಲಿಲ್ಲ.

ಆ ಕಾರ್ಖಾನೆಯಲ್ಲಿ ತಗಡಿನ ಡಬ್ಬಿಗಳ ಮುಚ್ಚಳ ತಯಾರಾಗುತ್ತವೆ. ಅತ್ತಿಗೆ ಮುಚ್ಚಳಗಳ ಅಂಚು ಸರಿಯಿದೆಯೇ ಎಂದು ಪರೀಕ್ಷಿಸುವ ಮೇಜಿನಲ್ಲಿದ್ದಳು. ನನಗೆ ಇಪ್ಪತ್ತಾದಾಗ ಅವಳೇ ಹೇಳಿ ಕೇಳಿ ಕೆಲಸ ಕೊಡಿಸಿದಳು. ನಾನು ಕೂತದ್ದು ಏಳನೇ ಪ್ರೆಸ್ಸಿನಲ್ಲಿ. ತಗಡಿನ ತುಂಡನ್ನು ಇಕ್ಕಳದಲ್ಲಿ ಹಿಡಿದು ಅಚ್ಚಿನ ಮೇಲಿಡಬೇಕು, ಕಾಲಲ್ಲಿ ಪೆಡಲ್ ಒತ್ತಬೇಕು, ಮೇಲಿನ ಕಬ್ಬಿಣ ದಬ್ಬೆಂದು ಇಳಿದು ಏರುತ್ತದೆ, ಮುಚ್ಚಳವನ್ನು ಮತ್ತೆ ಇಕ್ಕಳದಲ್ಲೇ ತೆಗೆಯಬೇಕು. ಗೋಡೆಯ ಮೇಲೆ ಹಾಗೆಂದು ಬರೆದಿದೆ. ಆದರೆ ತಗಡಿಗೆ ಎಣ್ಣೆ ಸವರಿರುತ್ತದೆ, ಇಕ್ಕಳ ಜಾರುತ್ತದೆ. ಇಕ್ಕಳದಲ್ಲಿ ಮಾಡಿದರೆ ಗಂಟೆಗೆ ಇನ್ನೂರ ಎಂಬತ್ತು ದಾಟುವುದಿಲ್ಲ. ಮೇಲ್ವಿಚಾರಕ ಕೇಳುತ್ತಿದ್ದದ್ದು ನಾನೂರ ಇಪ್ಪತ್ತು. ಹಾಗಾಗಿ ಹನ್ನೆರಡು ಪ್ರೆಸ್ಸಿನಲ್ಲೂ ಎಲ್ಲರೂ ಬರಿಗೈ ಹಾಕುತ್ತಿದ್ದರು. ಅದು ಮೇಲ್ವಿಚಾರಕನಿಗೆ ಗೊತ್ತಿತ್ತು. ನೋಡದ ಹಾಗೆ ನಡೆದುಹೋಗುವುದನ್ನು ಅವನು ಚೆನ್ನಾಗಿ ರೂಢಿಸಿಕೊಂಡಿದ್ದ.

ಎರಡು ವರ್ಷದ ಹಿಂದೆ ಆಫೀಸಿನವರಿಗೆ ಸುರಕ್ಷತೆಯ ಗೀಳು ಹತ್ತಿತು. ಕೆಲಸಗಾರರಲ್ಲೇ ಒಬ್ಬರು ಇನ್ನೊಬ್ಬರನ್ನು ಹತ್ತು ನಿಮಿಷ ಗಮನಿಸಿ, ತಪ್ಪು ಕಂಡರೆ ಮೃದುವಾಗಿ ತಿಳಿಹೇಳಿ, ಚೀಟಿಯಲ್ಲಿ ಬರೆಯಬೇಕಂತೆ. ವೀಕ್ಷಕಿಯಾಗಿ ಆರಿಸಿದ್ದು ನಮ್ಮ ಅತ್ತಿಗೆಯನ್ನು. ತಂಪು ಕೋಣೆಯಲ್ಲಿ ಎರಡು ದಿನ ಕೂರಿಸಿ ಪಾಠ ಹೇಳಿದರು: ಮೊದಲು ಹೊಗಳಬೇಕು, ಆಮೇಲೆ ತಪ್ಪು ಹೇಳಬೇಕು. ಅವಳು ಮನೆಗೆ ಬಂದು ಅಣ್ಣನ ಮೇಲೆ ಅಭ್ಯಾಸ ಮಾಡಿದಳು. "ನೀವು ತುಂಬಾ ಚೆನ್ನಾಗಿ ಊಟ ಮಾಡ್ತೀರಿ. ಆದ್ರೆ ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದ್ರೆ ಸತ್ತೋಗ್ತೀರಿ." ಅಣ್ಣ ತುತ್ತು ಕೈಯಲ್ಲೇ ಹಿಡಿದು ಮಿಕಮಿಕ ನೋಡಿದ.

ಚೀಟಿಯಲ್ಲಿ ಹೆಸರು ಬರೆಯುವುದಿಲ್ಲ, ಯಾರಿಗೂ ಶಿಕ್ಷೆಯಿಲ್ಲ ಎಂದು ಆಣೆ ಇಡುವಷ್ಟು ಗಟ್ಟಿಯಾಗಿ ಹೇಳಿದ್ದರು. ಹೆಸರಿರಲಿಲ್ಲ, ಸರಿ. ಯಂತ್ರದ ಸಂಖ್ಯೆ ಮತ್ತು ಪಾಳಿ ಇತ್ತು. ಏಳನೇ ಪ್ರೆಸ್ಸಿನ ಬೆಳಗಿನ ಪಾಳಿಯಲ್ಲಿ ನಾನಲ್ಲದೆ ದೆವ್ವ ಕೂರುತ್ತಿತ್ತೇ? ತಪ್ಪಿಗೆ ಕಾರಣವೇನೆಂದು ಗುರುತು ಹಾಕಲು ನಾಲ್ಕು ಚೌಕಗಳಿದ್ದವು: ಅಜ್ಞಾನ, ಆತುರ, ಸೋಮಾರಿತನ, ಉಡಾಫೆ. ಆತುರ ಯಾರದು ಎಂದು ಕೇಳುವ ಚೌಕ ಇರಲಿಲ್ಲ. ಇಕ್ಕಳಕ್ಕೂ ಒಂದು ಚೌಕ ಇರಲಿಲ್ಲ.

ವಾರಕ್ಕೆ ಹತ್ತು ಚೀಟಿ ಬರೆದುಕೊಡಬೇಕು, ಅದೂ ತನ್ನ ಮೇಜಿನ ಕೆಲಸ ಬಿಡದೆ. ಸಮಯ ಎಲ್ಲಿಂದ ತರುವುದು? ಮೊದಲ ತಿಂಗಳು ಇಬ್ಬರ ತಪ್ಪು ಬರೆದಳು. ಅವರನ್ನು ಆಫೀಸಿಗೆ ಕರೆಸಿ ಅರ್ಧ ಗಂಟೆ ನಿಲ್ಲಿಸಿದರು. ಆಮೇಲೆ ಆ ಇಬ್ಬರೂ ಅವಳ ಜೊತೆ ಮಾತು ಬಿಟ್ಟರು. "ನಾದಿನೀನ ಮಾತ್ರ ಮುಟ್ಟಲ್ಲ ಮಹಾರಾಣಿ" ಎಂದು ಅವಳಿಗೆ ಕೇಳುವ ಹಾಗೆ ಆಡಿಕೊಂಡರು. ಅಂದಿನಿಂದ ಅವಳು ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ ಬೇರೆಯವರ ಚೀಟಿಗಳನ್ನು ಸರಸರ ತುಂಬಿಬಿಡುತ್ತಿದ್ದಳು. ಇಕ್ಕಳ ಬಳಸಿದರು, ಉತ್ತಮ. ಕನ್ನಡಕ ಹಾಕಿದ್ದರು, ಉತ್ತಮ. ವರ್ಷದ ಕೊನೆಗೆ ಅತ್ಯುತ್ತಮ ವೀಕ್ಷಕಿ ಎಂದು ಒಂದು ಫಲಕ ಕೊಟ್ಟರು.

ನನ್ನದು ಮಾತ್ರ ಅವಳು ನಿಂತು ನೋಡಿ ಬರೆಯುತ್ತಿದ್ದಳು. ನನ್ನ ಬೆನ್ನ ಹಿಂದೆ ಬಂದು ನಿಲ್ಲುವಳು. ಹೊಗಳಿಕೆ ಗಿಗಳಿಕೆ ಏನೂ ಇಲ್ಲ. "ಕೈ ಹಾಕ್ಬೇಡ ಅಂತ ಎಷ್ಟು ಸಲ ಬಡ್ಕೋಬೇಕೇ ನಿಂಗೆ!" ನಾನು, "ಲೆಕ್ಕ ನೀನು ಕೊಡ್ತೀಯಾ ಅತ್ತಿಗೆ?" ಅನ್ನುವೆ. ಅವಳು ಆತುರದ ಚೌಕಕ್ಕೆ ಗುರುತು ಹಾಕಿ ಹೋಗುವಳು. ಒಂದು ವರ್ಷದಲ್ಲಿ ಹನ್ನೊಂದು ಸಲ.

ಹನ್ನೊಂದನೆಯದು ಬರೆದ ಮೂರನೇ ವಾರ ನನ್ನ ಬಲಗೈಯ ಎರಡು ಬೆರಳು ಹೋದವು. ತೋರುಬೆರಳು, ನಡುಬೆರಳು, ಎರಡೂ ಬುಡದವರೆಗೆ. ಮುಚ್ಚಳ ಅಂಟಿಕೊಂಡಿತ್ತು, ಕೈ ಹಾಕಿದೆ, ಎಣ್ಣೆ ಬಿದ್ದಿದ್ದ ನೆಲದಲ್ಲಿ ಕಾಲು ಜಾರಿ ಪೆಡಲ್ ಮೇಲೆ ಬಿತ್ತು. ಅದನ್ನು ಇನ್ನೂ ಬಣ್ಣಿಸಿ ಹೇಳುವ ಮನಸ್ಸು ನನಗಿಲ್ಲ.

ಕೈಯ ಕಟ್ಟು ಬಿಚ್ಚುವ ಮೊದಲೇ ವಿಚಾರಣೆಗೆ ಕರೆದರು. ಹೊರಗಿನಿಂದ ಒಬ್ಬ ವಿಚಾರಣಾಧಿಕಾರಿಯನ್ನು ತಂದು ಕೂರಿಸಿದ್ದರು. ಅವನ ಮೇಜಿನ ಮೇಲೆ ಅತ್ತಿಗೆಯ ಹನ್ನೊಂದು ಚೀಟಿಗಳು ಸಾಲಾಗಿದ್ದವು. ಮೇಲ್ವಿಚಾರಕ ಸತ್ತವರ ಮನೆಯ ಮುಖ ಹೊತ್ತು, "ಹನ್ನೊಂದು ಸಲ ತಿಳಿಸಿದೀವಿ ಸರ್. ಕಿವಿಗೇ ಹಾಕ್ಕೊಳ್ಳಲಿಲ್ಲ" ಅಂದ. ತಿಳಿಸಿದೀವಿ! ಒಂದು ದಿನವೂ ನನ್ನ ಕೈ ಕಡೆ ಕಣ್ಣೆತ್ತದವನು. ಅಧಿಕಾರಿ ನನ್ನನ್ನು ನೋಡಿ, ನಿರ್ಲಕ್ಷ್ಯ ಸಾಬೀತಾದರೆ ಕೆಲಸದಿಂದ ತೆಗೆಯಬೇಕಾಗುತ್ತದೆ ಎಂದ. ಅಂದರೆ ಬೆರಳು ಕಳೆದುಕೊಂಡವಳೂ ನಾನೇ, ಕಳೆದವಳೂ ನಾನೇ. ಎಂಟೇ ಬೆರಳಿರುವ, ನಿರ್ಲಕ್ಷ್ಯದವಳು ಎಂಬ ಕಾಗದ ಹಿಡಿದವಳಿಗೆ ಇನ್ಯಾರು ಕೆಲಸ ಕೊಡುತ್ತಾರೆ?

ಅವತ್ತು ಸಂಜೆ ಮನೆಯಲ್ಲಿ ನಾನು ಬಾಯಿಗೆ ಬಂದದ್ದೆಲ್ಲ ಅಂದೆ.

"ನಿನ್ನ ಕೈಯಾರೆ ನನ್ನ ಕುತ್ತಿಗೆ ಕೊಯ್ದೆಯಲ್ಲ!"

"ನಾನು ನಿಜಾನೇ ಬರ್ದಿದ್ದು" ಅಂದಳು ಅತ್ತಿಗೆ.

"ನನ್ನೊಬ್ಳ ನಿಜ ಯಾಕೆ ಬರ್ದೆ? ಮಿಕ್ಕವರ ನಿಜ ಎಲ್ಲಿ ಹೋಯ್ತು?"

ಅವಳು ತೊಳೆಯುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು. "ಮಿಕ್ಕವರ ಬೆರಳು ಹೋದ್ರೆ ಅಯ್ಯೋ ಪಾಪ ಅಂದು ಮನೆಗ್ ಬಂದು ಊಟ ಮಾಡ್ತಿದ್ದೆ ಕಣೆ. ನಿಂದು ಹೋದ್ರೆ ಮಾಡೋಕಾಗಲ್ಲ ಅಂತ ಗೊತ್ತಿತ್ತು. ಅದಕ್ಕೇ ಬರ್ದೆ."

ಅದನ್ನು ಕೇಳಿ ನನಗೆ ಇನ್ನಷ್ಟು ಮೈ ಉರಿಯಿತು. ಪ್ರೀತಿ ಇದ್ದರೆ ಬಾಯಲ್ಲಿ ಹೇಳಬೇಕು, ಬರೆದು ಆಫೀಸಿಗೆ ಕೊಡುತ್ತಾರೆಯೇ?

ಮರುದಿನ ವೀಕ್ಷಕಿಯ ಹೇಳಿಕೆ. ಅತ್ತಿಗೆ ಒಳಗೆ ಬಂದು ಕೂರಲಿಲ್ಲ.

"ಸರ್, ನಾನು ಬರ್ದಿರೋ ಬೇರೆ ಚೀಟಿಗಳನ್ನೂ ತರ್ಸಿ."

ಒಂದು ರಟ್ಟಿನ ಪೆಟ್ಟಿಗೆ ಬಂತು. ಐನೂರಕ್ಕೂ ಮೇಲಿದ್ದವು.

"ಈ ಹನ್ನೊಂದು, ಮೊದಲ ತಿಂಗಳ ಎರಡು, ಇಷ್ಟು ಬಿಟ್ಟು ಮಿಕ್ಕಿದ್ದೆಲ್ಲ ಸುಳ್ಳು. ಟೀ ಕುಡೀತಾ ಬರ್ದಿದ್ದು. ನೋಡಿಲ್ಲ, ಹೇಳಿಲ್ಲ. ನಿಮಗೆ ವಾರಕ್ಕೆ ಹತ್ತು ಬೇಕಿತ್ತು, ಕೊಟ್ಟೆ. ಇವಳೊಬ್ಬಳೇ ಅಲ್ಲ, ಎಲ್ಲಾರೂ ಕೈ ಹಾಕ್ತಾರೆ. ಇಕ್ಕಳ ಹಿಡಿದ್ರೆ ನೀವು ಕೇಳೋ ನಾನೂರ ಇಪ್ಪತ್ತು ಆಗಲ್ಲ. ಬನ್ನಿ, ಈಗ್ಲೇ ತೋರಿಸ್ತೀನಿ. ಗಡಿಯಾರ ಹಿಡ್ಕೊಂಡು ನೀವೇ ಎಣಿಸಿ."

ಇಡೀ ಕಾರ್ಖಾನೆಯಲ್ಲಿ ಅವಳಿಗಿದ್ದ ಒಂದೇ ಆಸ್ತಿ ಎಂದರೆ, ಬಾಯಿ ಕೆಟ್ಟದ್ದು ಆದರೆ ಸುಳ್ಳು ಹೇಳುವವಳಲ್ಲ ಎಂಬ ಹೆಸರು. ಅದನ್ನು ನನ್ನ ಕಣ್ಣೆದುರಿಗೇ ಮೇಜಿನ ಮೇಲೆ ಸುರಿದಳು. ಹಿಂದಿನ ಸಂಜೆ ನಾನಾಡಿದ ಮಾತುಗಳಿಗೆ ನಾಚಿಕೆಯಾಯಿತು.

ಅಧಿಕಾರಿ ಎದ್ದು ಬರಲಿಲ್ಲ. ಪ್ರೆಸ್ಸುಗಳು ಆ ಕೋಣೆಯಿಂದ ನಲವತ್ತು ಹೆಜ್ಜೆ ದೂರದಲ್ಲಿದ್ದವು. ಅವನು ಪೆನ್ನಿನ ಮುಚ್ಚಳ ಹಾಕಿ, "ಆಯ್ತಮ್ಮ, ಹೋಗಿ" ಅಂದ.

ತೀರ್ಮಾನದ ಕಾಗದ ಹದಿನೈದು ದಿನಕ್ಕೆ ಮನೆಗೆ ಬಂತು. ವೀಕ್ಷಕಿಯ ದಾಖಲೆಗಳು ನಂಬಲರ್ಹವಲ್ಲವೆಂದು ಅವಳೇ ಒಪ್ಪಿರುವುದರಿಂದ ಆ ಹನ್ನೊಂದು ಚೀಟಿಗಳನ್ನೂ ಪರಿಗಣಿಸಲಾಗದು. ಕಾರ್ಮಿಕೆಯ ನಿರ್ಲಕ್ಷ್ಯ ಸಾಬೀತಾಗಿಲ್ಲ. ಅವಳಿಗೆ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಕೊಡತಕ್ಕದ್ದು. ಸುಳ್ಳು ದಾಖಲೆ ಬರೆದ ವೀಕ್ಷಕಿಯನ್ನು ಕೆಲಸದಿಂದ ತೆಗೆಯಲಾಗಿದೆ. ಅಷ್ಟೇ. ಅವಳು ಸುಳ್ಳು ಎಂದದ್ದನ್ನು ಸುಳ್ಳೆಂದರು, ನಿಜ ಎಂದದ್ದನ್ನೂ ಸುಳ್ಳೆಂದರು. ನಾನು ಉಳಿದದ್ದು ಹೀಗೆ.

ಅತ್ತಿಗೆ ಕಾಗದವನ್ನು ಎರಡು ಸಲ ಓದಿದಳು, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇಕ್ಕಳದ ಮಾತೇ ಇಲ್ವಲ್ಲೇ."

"ಇಲ್ಲ."

"ನಿನ್ನ ಬಿಟ್ರು. ಜೊತೆಗೆ ಆ ಮಿಷನ್ನೂ ಬಿಟ್ರು."

ನಾನು ಕೆಲಸಕ್ಕೆ ಹಿಂತಿರುಗಿದೆ. ಪ್ಯಾಕಿಂಗ್‌ನಲ್ಲಿ ಡಬ್ಬಗಳಿಗೆ ಟೇಪು ಸುತ್ತುವುದು. ಪ್ರೆಸ್ಸುಗಳ ಕಡೆ ನೋಡಲಾಗದೆ ಹಿಂದಿನ ಬಾಗಿಲಿನಿಂದ ಹೋಗಿ ಬರುತ್ತಿದ್ದೆ. ಒಂದು ವಾರ ಕಳೆದ ಮೇಲೆ ಅತ್ತಿಗೆ ಕೇಳಿದಳು, "ಏಳನೇದ್ರಲ್ಲಿ ಈಗ ಯಾರು ಕೂತಿದಾರೆ?"

"ಯಾರೋ ಹೊಸಬಳು. ಸಣಕಲಿ."

ಮರುದಿನ ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿದು ಹೊರಗೆ ಬಂದರೆ ಅತ್ತಿಗೆ ಗೇಟಿನ ಬಳಿ ನಿಂತಿದ್ದಾಳೆ. ಕಾವಲುಗಾರ, "ಇಲ್ಲಿ ನಿಲ್ಲಂಗಿಲ್ಲಮ್ಮ" ಅನ್ನುತ್ತಿದ್ದಾನೆ. ಅವಳು, "ರಸ್ತೆ ನಿನ್ನಪ್ಪಂದಾ?" ಅನ್ನುತ್ತಿದ್ದಾಳೆ. ಅವಳ ಒಂದು ಕೈ ಆ ಸಣಕಲಿಯ ರಟ್ಟೆ ಹಿಡಿದಿತ್ತು. ಗೇಟಿನ ಆಚೆ ಮೇಲ್ವಿಚಾರಕ ನೋಡುತ್ತಿದ್ದ. ಕಂಡೂ ಕಾಣದ ಹಾಗೆ ಬಸ್ಸಿನ ಕಡೆ ನಡೆದುಬಿಡಬಹುದಿತ್ತು. ನಾಲ್ಕು ಹೆಜ್ಜೆ ನಡೆದೂ ನಡೆದೆ. ನನ್ನ ಮೇಲೇ ಅಸಹ್ಯ ಹುಟ್ಟಿ ವಾಪಸು ಬಂದೆ.

"ಕೈ ಹಾಕ್ಬೇಡ ಕಣಮ್ಮ" ಅನ್ನುತ್ತಿದ್ದಳು ಅತ್ತಿಗೆ.

"ಹಾಕ್ದಿದ್ರೆ ಲೆಕ್ಕ ಮುಟ್ಟಲ್ಲ ಅಕ್ಕಾ" ಅಂದಳು ಸಣಕಲಿ.

ನಾನು ಕೇಳಿದೆ, "ಗಂಟೆಗೆ ಎಷ್ಟು ಕೇಳ್ತಾರೆ?"

"ನಾನೂರ ಐವತ್ತು."

ಮೂವತ್ತು ಏರಿಸಿದ್ದರು. ನನ್ನ ಬೆರಳು ಹೋದ ಮೇಲೆ ಏರಿಸಿದ್ದರು. ಅತ್ತಿಗೆಯ ಕಣ್ಣು ತುಂಬಿದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು.

"ನಾಳೆ ಇಕ್ಕಳದಲ್ಲೇ ಮಾಡು" ಎಂದೆ ಸಣಕಲಿಗೆ. "ಎಷ್ಟಾಗುತ್ತೋ ಅಷ್ಟು. ಲೆಕ್ಕ ಕೇಳೋಕೆ ಅವನು ಬಂದ್ರೆ ನನ್ನ ಕರಿ."

"ಸುಮ್ನಿರೇ, ನಿನ್ ಕೆಲಸಾನೂ ಹೋಗುತ್ತೆ" ಅಂದಳು ಅತ್ತಿಗೆ.

"ಹೋಗ್ಲಿ."

ಮರುದಿನ ಬೆಳಿಗ್ಗೆ ಹತ್ತೂವರೆಗೆ ಸಣಕಲಿ ಕರೆದಳು. ಟೇಪು ಕೆಳಗಿಟ್ಟು ಹೋದೆ. ಮೇಲ್ವಿಚಾರಕ ಗಡಿಯಾರ ನೋಡುತ್ತಾ ಅವಳ ಬೆನ್ನ ಹಿಂದೆ ನಿಂತಿದ್ದ. ನಾನು ಅವರಿಬ್ಬರ ನಡುವೆ ಹೋಗಿ ನಿಂತೆ.