ಬಾಲದೊಳಗೆ ಬಚ್ಚಿಟ್ಟ ಆಂಟೆನಾ

ರೇಡಿಯೋ ರಿಪೇರಿಯಲ್ಲೇ ತಲೆ ನರೆಸಿಕೊಂಡ ಆತನಿಗೆ ಊರವರು ಇಟ್ಟ ಹೆಸರು ಗೊರಗೊರಪ್ಪ. ಕೆಟ್ಟು ಕೆರ ಹಿಡಿದ ಪೆಟ್ಟಿಗೆಯನ್ನೂ ಮಾತಾಡಿಸುವ ಕೈ. ಹಾಗಾಗಿ ಅಳಿಯ ಶೆಡ್ಡಿನಲ್ಲಿ ಒಬ್ಬರೇ ಕೂತು ಹಾರುವ ಕಾರ್ಬನ್ ಫೈಬರಿನ ಪುಟ್ಟ ವಿಮಾನ ಕಟ್ಟಿದಾಗ, ಆಂಟೆನಾ ಕೂರಿಸುವ ಕೆಲಸ ಮಾವನ ಪಾಲಿಗೇ ಬಂತು.

"ಹೊರಗೆ ಏನೂ ಚಾಚಬಾರದು ಮಾವ. ಮದುಮಗಳ ತಲೆ ಮೇಲೆ ಪೊರಕೆಕಡ್ಡಿ ಸಿಗಿಸಿದ ಹಾಗಿರುತ್ತೆ."

"ಬಿಡಿ ಅಳಿಯಂದಿರೇ, ನಿಮ್ಮ ಗೆಳೆಯರ ವಿಮಾನಕ್ಕೂ ಬಾಲದೊಳಗೇ ಇಟ್ಟಿದ್ದೆ. ಗಿಣಿ ಥರ ಮಾತಾಡ್ತಿದೆ."

ಗೆಳೆಯನದು ಗಾಜಿನ ನಾರಿನದು, ಫೈಬರ್‌ಗ್ಲಾಸು. ಬಿಳಿ ಬಣ್ಣ ಬಳಿದ ಮೇಲೆ ಎರಡೂ ಒಂದೇ ತಾಯಿಯ ಮಕ್ಕಳಂತೆ ಕಂಡವು. ಶೆಡ್ಡಿನ ಬಾಗಿಲಲ್ಲಿ ನಿಂತು ಪರೀಕ್ಷಿಸಿದಾಗ ದನಿ ಸ್ವಚ್ಛವಾಗಿಯೇ ಕೇಳಿತ್ತು.

ಮೊದಲ ಹಾರಾಟದ ಬೆಳಿಗ್ಗೆ ವಿಮಾನ ಅಳಿಯನನ್ನು ಹೊತ್ತು ನೆಲ ಬಿಟ್ಟಿತು. ಅದರ ಎಡಚಕ್ರ ಮಾತ್ರ ಕಳಚಿಕೊಂಡು, ಹಟ ಹಿಡಿದ ಕರುವಿನಂತೆ ಹಿಂದೆಯೇ ಉಳಿದು ಹುಲ್ಲಿಗೆ ಉರುಳಿತು.

ಮಗಳು ಅದನ್ನೆತ್ತಿಕೊಂಡು ಓಡಿಬಂದಳು. "ಅಪ್ಪಾ, ಅವರಿಗೆ ಗೊತ್ತೇ ಆಗಿಲ್ಲ. ಹೇಳಪ್ಪಾ!"

"ಅಳಿಯಂದಿರೇ, ಎಡಚಕ್ರ ಇಲ್ಲ! ಡಾಂಬರಿನ ಮೇಲೆ ಇಳೀಬೇಡಿ. ಹುಲ್ಲಿಗೆ ಬನ್ನಿ, ಬಲಗಡೆ ಭಾರ ಹಾಕಿ! ಕೇಳಿಸ್ತಾ?"

ಆತ ಕೂಗಿದ ಕೈಯ ರೇಡಿಯೋ ಸೆಟ್ಟಿನಲ್ಲಿ ಬರೀ ಸುಯ್ ಎಂಬ ಸದ್ದು. ವಿಮಾನ ದೂರ ಹೋದಷ್ಟೂ ಅದೊಂದೇ.

ಆಗ ಆತನಿಗೆ ಹೊಳೆಯಿತು. ಹಳೆಯ ಸೆಲ್ಲುಗಳನ್ನು ಒಡೆದು ಎಷ್ಟು ಕಪ್ಪು ಕಡ್ಡಿ ತೆಗೆದಿದ್ದನೋ ಲೆಕ್ಕವಿಲ್ಲ. ಆ ಕಡ್ಡಿಯೂ ಈ ವಿಮಾನವೂ ಒಂದೇ ಕಾರ್ಬನ್ನು, ಕರೆಂಟು ಹರಿಯುವ ಸರಕು. ಗಾಜು ದಾರಿ ಬಿಡುತ್ತದೆ, ಇದು ತಗಡಿನಂತೆ ಅಲೆಗಳನ್ನು ತಡೆಯುತ್ತದೆ; ಶೆಡ್ಡಿನಲ್ಲಿ ಕೇಳಿಸಿದ್ದು ಹತ್ತಿರವಿದ್ದುದಕ್ಕಷ್ಟೇ. ಆಂಟೆನಾವನ್ನು ಡಬ್ಬಿಯೊಳಗೆ ಹಾಕಿ ತಾನೇ ಮುಚ್ಚಳ ಜಡಿದಿದ್ದ.

"ಇನ್ನೊಂದ್ಸಲ ಕೂಗಿ ಹೇಳಪ್ಪಾ!"

"ಕೇಳಿಸಲ್ಲ ಮಗಳೇ. ನಾನೇ ಅವರ ಕಿವಿ ಮುಚ್ಚಿಬಿಟ್ಟೆ."

ವಿಮಾನ ತಗ್ಗಿನಲ್ಲಿ ಹಾದು ಬಂತು. ಮಗಳು ಚಕ್ರವನ್ನು ತಲೆಯ ಮೇಲೆತ್ತಿ ಕುಣಿದಾಡಿದಳು. ಆತ ಅಂಗಿ ಬಿಚ್ಚಿ ಬೀಸಿದ. ಇವರ ಸಂಭ್ರಮ ಕಂಡು ಅಳಿಯನಿಗೂ ಹುರುಪೇರಿತು. ರೆಕ್ಕೆಗಳನ್ನು ಅತ್ತಿತ್ತ ಓಲಾಡಿಸಿ, ನಗುತ್ತಾ ಕೈಬೀಸಿ, ಡಾಂಬರಿನತ್ತಲೇ ತಿರುಗಿದ.

ಸೆಟ್ಟಿನಿಂದ ಏನೂ ಪ್ರಯೋಜನವಿಲ್ಲವೆಂದು ತಿಳಿದೂ ಆತ ಕೂಗುತ್ತಲೇ ಇದ್ದ. ಚಕ್ರ ಕಳೆದುಕೊಂಡು ಕೊರಡಿನಂತಿದ್ದ ವಿಮಾನದ ಎಡಗಾಲು ನೆಲ ಕಚ್ಚಿತು. ವಿಮಾನ ಬುಗುರಿಯಂತೆ ಸುತ್ತಿ, ರೆಕ್ಕೆ ಮುರಿದುಕೊಂಡು ಮಗ್ಗುಲಾಯಿತು.

ಇಬ್ಬರೂ ಎಳೆದು ಹೊರಗೆ ತಂದಾಗ ಅಳಿಯನ ತೋಳು ಜೋತಾಡುತ್ತಿತ್ತು. ಆದರೂ ಮಾವನನ್ನು ಕಂಡು ಹಲ್ಲು ಕಚ್ಚಿಕೊಂಡೇ ಹೇಳಿದ:

"ನೀವು ಏನೂ ಹೇಳಲಿಲ್ಲ. ಎಲ್ಲ ಸರಿಯಾಗಿದೆ ಅಂದುಕೊಂಡೆ ಮಾವ."